ಫೆಲ್ಟ್ ಗೊಂಬಿ ಮೊದಲ ಸಲ ಹೊಲಿಯಾಕತ್ತೀನ್ರಿ, ಕುತ್ತಿಗಿ ನಿಲ್ಲವಲ್ದು

ನವನಗರದ ಅತ್ತಿ, ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಣ್ಣನ ಮಗಳಿಗೆ ಬರೂ ತಿಂಗಳು ಎರಡು ವರ್ಷ ತುಂಬ್ತಾವ. ಅಂಗಡಿ ಗೊಂಬಿ ಬ್ಯಾಡ, ನಾನ ಹೊಲಿದು ಕೊಡಬೇಕು ಅಂತ ಕುಂತೀನಿ. ನಮ್ಮವ್ವ ತೀರಿಕೊಂಡು ಹೋದ ದೀಪಾವಳಿಗೆ ಒಂದು ವರ್ಷ ಆತು. ಆಗ ಕೂಸು ಇನ್ನ ತೊಟ್ಟಿಲದಾಗಿತ್ತು, ಆಯಿ ನೆನಪು ಅದಕ್ಕ ಉಳಿಯೂದಿಲ್ಲ. ಅವ್ವ ಉಟ್ಟು ಉಟ್ಟು ಮೆತ್ತಗಾದ ಇಳಕಲ್ಲ ಸೀರಿ ನನ್ನ ಟ್ರಂಕಿನ್ಯಾಗ ಐತಿ. ಮಡಿಕಿ ಬಿದ್ದಲ್ಲೆಲ್ಲ ಸೀಳೈತಿ, ಉಡಾಕ ಬರೂದಿಲ್ಲ. ಅದರ ಒಂದು ತುಂಡು ಗೊಂಬಿಗೆ ಉಡಿಸಿದ್ರ ಆಯಿ ಸೀರಿ ಕೂಸಿನ ಕೈಯಾಗ ಇದ್ದಂಗ ಆಕ್ಕೈತಿ ಅಂತ ನನ್ನ ಆಸೆ.

ನನಗ ಗುಂಡಿ ಹಚ್ಚೂದು, ಸೀರಿಗೆ ಫಾಲ್ ಹಚ್ಚೂದು ಬಿಟ್ರ ಹೊಲಿಗಿ ಬರೂದಿಲ್ಲ. ಫೆಲ್ಟ್ ಅನ್ನೂ ದಪ್ಪ ಬಟ್ಟಿ ಆದ್ರ ಕತ್ತರಿಸಿದ ಅಂಚಿನ್ಯಾಗ ನೂಲು ಬಿಡೂದಿಲ್ಲ, ಮಡಚಿ ಹೊಲಿಯೂದು ಬ್ಯಾಡ, ತಿರುವಿ ಹಾಕೂದೂ ಬ್ಯಾಡ, ಮ್ಯಾಲಿಂದನ ಹೊಲಿಬಹುದು ಅಂತ ಒಬ್ರು ಹೇಳಿದ್ರು. ಅಂಗಡಿಯಾಗ ಎ4 ಅಳತಿ ಹಾಳಿ ಸಿಕ್ವು. ಮೈಗೆ ಗುಲಾಬಿ ಬಣ್ಣದ್ದ ಕೊಡಾಕ ಬಂದ್ರು. ನಮ್ಮ ಮನ್ಯಾಗ ಯಾರೂ ಗುಲಾಬಿ ಬಣ್ಣದವರಿಲ್ಲ. ಹುಡುಕಿ ಹುಡುಕಿ ಹಾಲು ಜಾಸ್ತಿ ಹಾಕಿದ ಚಾದಂಥ ಬಣ್ಣ ಆರಿಸಿ ತಂದೆ. ಹಳೇ ಲಗ್ನಪತ್ರಿಕಿ ರಟ್ಟಿನ ಮ್ಯಾಲ ಗೊಂಬಿ ಬರದು, ಅದನ್ನ ಇಟ್ಟು ಎರಡು ತುಂಡು ಕತ್ತರಿಸಿದೆ. ತಲಿ, ಮೈ, ಕೈ ಒಂದ ತುಂಡು. ಕಾಲು ಬ್ಯಾರೆ.

ನಿನ್ನೆ ರಾತ್ರಿ ಹೊಲಿದು ತುಂಬಿ ಮುಗಿಸಿದೆ. ಕುಂಡ್ರಿಸಿದ್ರ ತಲಿ ಎದಿ ಮ್ಯಾಲ ಬೀಳ್ತೈತಿ. ಒಂದು ಕಾಲು ಇನ್ನೊಂದಕ್ಕಿಂತ ಅರ್ಧ ಬೆರಳು ಉದ್ದ ಆಗೈತಿ. ಕತ್ತರಿಸುವಾಗ ಎರಡೂ ಸಮ ಇದ್ದುವ್ರಿ, ಒಂದರ ಮ್ಯಾಲ ಒಂದು ಇಟ್ಟು ನೋಡೀನಿ. ಅಂಚಿನ ಹೊಲಿಗಿ ಒಂದ ಕಡೆ ದಟ್ಟ, ಒಂದ ಕಡೆ ವಿರಳ. ಫೋಟೋ ಹಾಕೀನಿ. ಬಿಚ್ಚಿ ಮತ್ತ ಮಾಡಬೇಕೋ, ಹಿಂಗ ಸುಧಾರಸಾಕ ಬರ್ತೈತೋ ಹೇಳ್ರಿ.


ಶಹಾಪುರ ಟೇಲರ್, ಬೆಳಗಾವಿ

ತಂಗಿ, ಮೊದಲು ಕಾಲಿನ ವಿಚಾರ. ಹಾಳಿಯೊಳಗ ಜಾಗ ಉಳಿಸಾಕ ಒಂದು ಕಾಲು ಉದ್ದಕ್ಕ, ಇನ್ನೊಂದು ಅಡ್ಡಕ್ಕ ಇಟ್ಟು ಕತ್ತರಿಸಿರಬೇಕು ನೀವು. ಫೆಲ್ಟಿನ್ಯಾಗ ಹಾಸು ಹೊಕ್ಕು ಇಲ್ಲ, ಅದು ಮಗ್ಗದಾಗ ನೇದ ಬಟ್ಟಿ ಅಲ್ಲ, ಎಳಿ ಎಲ್ಲಾ ಒತ್ತಿ ಕೂಡಿಸಿದ್ದು. ಹಂಗಂತ ಎಲ್ಲಾ ದಿಕ್ಕಿಗೂ ಒಂದ ಸಮ ಎಳೀತೈತಿ ಅಂತ ತಿಳೀಬ್ಯಾಡ್ರಿ. ಅಂಗಡಿ ಫೆಲ್ಟ್ ಒಂದು ಕಡೆ ಗಟ್ಟಿ ನಿಲ್ತೈತಿ, ಇನ್ನೊಂದು ಕಡೆ ಹಿಗ್ಗತೈತಿ. ಉಳಿದ ಚೂರು ಎರಡೂ ಕೈಯಾಗ ಹಿಡದು ಉದ್ದಕ್ಕ ಜಗ್ಗಿ ನೋಡ್ರಿ, ಆಮ್ಯಾಲ ಅಡ್ಡಕ್ಕ ಜಗ್ಗಿ ನೋಡ್ರಿ, ಕೈಗೇ ಗೊತ್ತಾಕ್ಕೈತಿ. ಖಾಲಿ ಇದ್ದಾಗ ಎರಡೂ ಕಾಲು ಸಮ ಇದ್ದುವು, ತುಂಬಿದಾಗ ಹಿಗ್ಗೂ ದಿಕ್ಕಿಂದು ಉದ್ದ ಆತು. ಅದನ್ನ ಸುಧಾರಸಾಕ ಬರೂದಿಲ್ಲ. ಹೊಸ ಕಾಲು ಕತ್ತರಿಸ್ರಿ, ಉದ್ದ ಹಿಗ್ಗಲಾರದ ದಿಕ್ಕಿಗೆ ಬರೂಹಂಗ ಇಡ್ರಿ, ನಾಲ್ಕೂ ತುಂಡು ಒಂದ ದಿಕ್ಕು.

ಇನ್ನ ಅಂಚಿನ ಹೊಲಿಗಿ. ಅದಕ್ಕ ಬ್ಲ್ಯಾಂಕೆಟ್ ಸ್ಟಿಚ್ ಅಂತಾರ. ನಾವು ಅಂಗಿ ಗುಂಡಿ ತೂತಿಗೆ ಹಾಕೂ ಕಾಜಾ ಇದರ ಒಡಹುಟ್ಟಿದ್ದು. ಕಾಜಾದಾಗ ಟಾಕಾ ಒಂದಕ್ಕೊಂದು ಹತ್ತಿ ಕೂಡತಾವ, ಇದರಾಗ ನಡುವ ಜಾಗ ಬಿಡಬೇಕು. ಅಂಚಿನಿಂದ 3 ಮಿ.ಮೀ. ಒಳಗ, ಒಂದರಿಂದ ಒಂದಕ್ಕ 3 ರಿಂದ 4 ಮಿ.ಮೀ. ದೂರ. ಕಣ್ಣಳತಿ ಕೂಡೂತನಕ ಪೆನ್ಸಿಲ್ಲಿನಿಂದ ಚುಕ್ಕಿ ಇಟಗೊಂಡು ಹೋಗ್ರಿ. ಗಾಢ ಬಣ್ಣದ ಫೆಲ್ಟ್ ಇದ್ರ ಸವೆದ ಸಾಬೂನಿನ ಚೂರಿನಿಂದ ಗುರ್ತು ಹಾಕ್ರಿ, ಒರಸಿದ್ರ ಹೋಗ್ತೈತಿ. ದಾರ ಒಂದು ಮೊಳಕ್ಕಿಂತ ಉದ್ದ ತಗೋಬ್ಯಾಡ್ರಿ. ಪದೇ ಪದೇ ಪೋಣಿಸೂದು ಬ್ಯಾಡ ಅಂತ ಉದ್ದ ತಗೊಂಡ್ರ ಸಿಕ್ಕಾಗಿ ಎರಡು ಪಟ್ಟು ಹೊತ್ತು ತಿಂತೈತಿ. ಕಸೂತಿ ದಾರದ ಲಡಿಯೊಳಗ ಆರು ಎಳಿ ಇರ್ತಾವ, ಎರಡ ಎಳಿ ಬಿಡಿಸಿ ತಗೋರಿ, ಸಾಕು. ಟಾಕಾ ಹಾಕಿದ ಮ್ಯಾಲ ದಾರ ಫೆಲ್ಟಿನ ಮ್ಯಾಲ ಕುಂಡ್ರಬೇಕು, ಒಳಗ ಕೊರೀಬಾರದು. ನಿಮ್ಮ ಫೋಟೋದಾಗ ಭುಜದ ಹತ್ರ ಅಂಚು ಹಲ್ಲು ಹಲ್ಲು ಆಗೈತಿ ನೋಡ್ರಿ, ಅದು ಭಾಳ ಬಿಗಿ ಎಳದಿದ್ದಕ್ಕ.


ಕೌದಿ ಅವ್ವ, ಮುಧೋಳ

ನಾ ಹೇಳಾಕತ್ತೀನಿ, ಮೊಮ್ಮಗ ಬರಿಯಾಕತ್ತಾನ. ನೋಡವಾ ಮಗಳ, ಕುತ್ತಿಗಿ ಬೀಳೂದು ಹೊಲಿಗಿ ತಪ್ಪಲ್ಲ, ತುಂಬೂದರ ತಪ್ಪು. ನೀ ಮೊದಲು ಹೊಟ್ಟಿ ತುಂಬೀದಿ, ಆಮ್ಯಾಲ ತಲಿ ತುಂಬೀದಿ, ಕುತ್ತಿಗಿ ನಡುವ ಪೊಳ್ಳ ಉಳದೈತಿ. ತುದಿಯಿಂದ ತುಂಬಕೋತ ಬರಬೇಕು. ಮೊದಲು ತಲಿ, ಆಮ್ಯಾಲ ಕುತ್ತಿಗಿ, ಕೈ, ಕಡೀಕ ಹೊಟ್ಟಿ. ಒಂದ ಸಲಕ್ಕ ನೆಲ್ಲಿಕಾಯಿಯಷ್ಟ ತಗೊಂಡು, ಎಳಿ ಬಿಡಿಸಿ ಹಾಕು. ಮುದ್ದಿ ಮುದ್ದಿ ಹಾಕಿದ್ರ ಒಳಗ ಗಂಟು ಗಂಟು ನಿಲ್ತೈತಿ. ಕುತ್ತಿಗಿಯೊಳಗ ಬೆರಳು ಹೋಗೂದಿಲ್ಲ, ಪೆನ್ಸಿಲ್ ಹಿಂದಿನ ತುದಿಯಿಂದ ಒತ್ತು. ಮೊನಚಿಂದು ಹಾಕಬ್ಯಾಡ, ಅರಿವಿ ಹರೀತೈತಿ. ತಲಿ ಹಿಡದು ಅಲ್ಲಾಡಿಸಿದ್ರ ಎದಿ ಅಲ್ಲಾಡಬೇಕು, ಅಲ್ಲೀತನಕ ತುಂಬು.

ಏನು ತುಂಬೀದಿ? ಅರಳಿ ಏನು?


ನವನಗರದ ಅತ್ತಿ, ಬಾಗಲಕೋಟಿ

ಹೌದವ್ವಾ, ಗಾದಿ ಅಂಗಡಿಯಿಂದ ಪಿಂಜಿದ ಅರಳಿ ತಂದಿದ್ದೆ. ಟೇಲರ್ ಅಣ್ಣಾರ, ನೀವು ಹೇಳಿದಂಗ ಜಗ್ಗಿ ನೋಡಿದೆ. ಖರೇ ಐತ್ರಿ, ಒಂದು ಕಡೆ ರಬ್ಬರಿನಂಗ ಬರ್ತೈತಿ. ಕಾಲು ಎರಡೂ ಬಿಚ್ಚಿದೆ.


ವಿಜಯಪುರದ ಅಕ್ಕೋರು

ಅರಳೆ ಚಲೋನ, ಆದರೆ ಕೂಸಿಗೆ ಎರಡೇ ವರ್ಷ ಅಂದ್ರಿ. ಬಾಲವಾಡಿಯಲ್ಲಿ ಮಕ್ಕಳ ಜೊತೆ ದಿನಾ ಇರುವವಳಾಗಿ ಹೇಳ್ತೀನಿ, ಆ ಗೊಂಬೆ ವಾರಕ್ಕೊಮ್ಮೆ ತೊಳೆಯೋ ಪರಿಸ್ಥಿತಿ ಬರ್ತದ. ಬಾಯಿಗೆ ಹಾಕ್ತಾವ, ಸಾರಿನ ತಾಟಿನೊಳಗ ಅದ್ದತಾವ. ಅರಳೆ ತೊಳೆದ ಮ್ಯಾಲ ಒಳಗೆ ಮುದ್ದೆ ಆಗ್ತದ, ಒಣಗೋದೂ ತಡ, ಒಣಗದಿದ್ರೆ ಮುಗ್ಗಲು ವಾಸನೆ. ದಿಂಬಿನೊಳಗೆ ತುಂಬುವ ಪಾಲಿಯೆಸ್ಟರ್ ಫೈಬರ್ ಹಾಕ್ರಿ. ಹಗುರ ಇರ್ತದ, ಬೇಗ ಒಣಗ್ತದ, ಹಿಚುಕಿದ್ರ ಮತ್ತೆ ಉಬ್ಬತದ. ಹೊಸದು ತರೋದೇ ಬ್ಯಾಡ, ಮನೆಯಲ್ಲಿ ಹಳೆ ದಿಂಬಿದ್ದರೆ ಬಿಚ್ಚಿ ತೊಳೆದು ಬಿಸಿಲಿಗೆ ಹಾಕಿ ಬಳಸಬಹುದು.

ಇನ್ನೊಂದು ಮಾತು, ಕಣ್ಣು ಏನು ಮಾಡೋರಿದ್ದೀರಿ?


ನವನಗರದ ಅತ್ತಿ, ಬಾಗಲಕೋಟಿ

ಕರಿ ಮಣಿ ತಂದೀನ್ರಿ ಅಕ್ಕೋರ.


ಬಾದಾಮಿ ಕಡೆಯವ

ಮಣಿ ಯಾಕ್ರಿ ಅಕ್ಕಾ, ಗುಲಗಂಜಿ ಹಚ್ಚರಿ. ಆಷಾಢದಾಗ ಮಂಗಳವಾರ ಪೂಜಿಗೆ ಮಣ್ಣಿನ ಗುಳ್ಳವ್ವನ್ನ ಮಾಡುವಾಗ ನಮ್ಮ ಮನ್ಯಾಗ ಹೆಣ್ಮಕ್ಳು ಗುಲಗಂಜಿ, ಕುಸುಬಿ ಕಾಳು ಹಚ್ಚತಾರ. ಕೆಂಪ ಕಾಳಿನ ಮ್ಯಾಲ ಕರಿ ಚುಕ್ಕಿ, ಥೇಟ್ ಕಣ್ಣಿನಂಗ ಕಾಣ್ತೈತಿ. ನಮ್ಮ ನಾಡಿನ ಗೊಂಬಿಗೆ ನಮ್ಮ ನಾಡಿನ ಕಣ್ಣು.


ವಿಜಯಪುರದ ಅಕ್ಕೋರು

ದಯವಿಟ್ಟು ಬ್ಯಾಡ್ರಿ. ಗುಳ್ಳವ್ವ ಪೂಜೆಗೆ ಇಟ್ಟು ಕಳಿಸೋದು, ಕೂಸಿನ ಬಾಯಿಗೆ ಹೋಗೋದಲ್ಲ. ಗುಲಗಂಜಿಯೊಳಗೆ ಅಬ್ರಿನ್ ಅನ್ನೋ ವಿಷ ಅದ. ಸಿಪ್ಪೆ ಗಟ್ಟಿ ಇರೋದರಿಂದ ಇಡೀ ಕಾಳು ನುಂಗಿದರೆ ಕೆಲವೊಮ್ಮೆ ಏನೂ ಆಗದೆ ಹೊರಗೆ ಹೋಗಬಹುದು, ಆದರೆ ಅಗಿದರೆ, ಇಲ್ಲಾ ದಾರ ಪೋಣಿಸೋಕೆ ತೂತು ಹಾಕಿದ ಕಾಳಾದರೆ, ಸಣ್ಣ ಮಗುವಿನ ಜೀವಕ್ಕೇ ಅಪಾಯ. ಗೊಂಬೆಗೆ ಹೊಲಿಯಬೇಕಂದ್ರೆ ತೂತು ಹಾಕಲೇಬೇಕಲ್ಲ. ಇದನ್ನು ಓದುವವರು ಯಾರಾದರೂ ಮಕ್ಕಳ ಆಟಿಕೆಗೆ ಗುಲಗಂಜಿ ಹಚ್ಚಿದ್ದರೆ ಇವತ್ತೇ ತೆಗೀರಿ.

ಮಣಿ, ಗುಂಡಿ ಕೂಡ ಬ್ಯಾಡ. ಎಷ್ಟು ಗಟ್ಟಿ ಹೊಲಿದರೂ ದಿನಾ ಕಚ್ಚಿ ಎಳೆದರೆ ಒಂದಿನ ದಾರ ಸವೀತದ. 3 ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ ಸುಮಾರು 32 ಮಿ.ಮೀ. ಅಗಲದ ಒಂದು ಕೊಳವೆ ಇರ್ತದ. ಕಿತ್ತು ಬಂದ ಭಾಗ ಅದರೊಳಗೆ ಪೂರ್ತಿ ಕೂಡ್ತದ ಅಂದ್ರೆ ಅದು ಗಂಟಲಿಗೆ ಸಿಕ್ಕೀತು ಅಂತಲೇ ಲೆಕ್ಕ. ಮಣಿಯಂತೂ ಕೂಡೇ ಕೂಡ್ತದ. ಕಣ್ಣು ದಾರದಲ್ಲೇ ಕಸೂತಿ ಮಾಡ್ರಿ. ದಾರದ ಕಣ್ಣು ಕಿತ್ತು ಬರೋದಿಲ್ಲ.


ಬಾದಾಮಿ ಕಡೆಯವ

ಗೊತ್ತಿರಲಿಲ್ಲ ಅಕ್ಕೋರ. ನಮ್ಮ ಮನ್ಯಾಗ ಡಬ್ಬಿ ತುಂಬ ಅದಾವು, ಮಕ್ಳ ಕೈಗೆ ಸಿಗಲಾರದಂಗ ಮ್ಯಾಲಿಟ್ಟೆ. ಈಗ ಇದನ್ನ ನಮ್ಮ ಅತ್ತಿಗೆಮ್ಮಗೂ ಓದಿ ಹೇಳಿದೆ.


ಚಿಕ್ಕೋಡಿ ಹುಡುಗ

ಅಕ್ಕಾರ, ಕುತ್ತಿಗಿಗೆ ಐಸ್‌ಕ್ರೀಮ್ ಕಡ್ಡಿ ಒಳಗ ಇಟ್ರ ನಿಲ್ಲೂದಿಲ್ಲೇನ್ರಿ?


ಶಹಾಪುರ ಟೇಲರ್, ಬೆಳಗಾವಿ

ಬ್ಯಾಡಪ್ಪಾ. ಕೂಸು ಅದರ ಮ್ಯಾಲ ಕುಂತ್ರ ಕಡ್ಡಿ ಮುರೀತೈತಿ, ಮುರದ ತುದಿ ಫೆಲ್ಟ್ ಹರಕೊಂಡು ಹೊರಗ ಬರ್ತೈತಿ. ಅದೇ ಫೆಲ್ಟಿಂದ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಚಾಪಿ ಸುತ್ತಿದಂಗ ಬಿಗಿ ಸುತ್ತಿ, ಬಿಚ್ಚಲಾರದಂಗ ನಾಲ್ಕು ಟಾಕಾ ಹಾಕ್ರಿ. ಅರ್ಧ ತಲಿಯೊಳಗ, ಅರ್ಧ ಎದಿಯೊಳಗ ಬರೂಹಂಗ ನಿಲ್ಲಿಸಿ ಸುತ್ತಲೂ ಫೈಬರ್ ತುಂಬರಿ. ಮೆತ್ತಗೂ ಇರ್ತೈತಿ, ಬಾಗೂದೂ ಇಲ್ಲ. ಮತ್ತ ನಿಮ್ಮ ಮಾಪಿನ್ಯಾಗ ಕುತ್ತಿಗಿ ಭಾಳ ಸಣ್ಣದೈತಿ ತಂಗಿ. ತಲಿ 9 ಸೆಂ.ಮೀ. ಅಗಲ ಇದ್ರ ಕುತ್ತಿಗಿ ಅದರ ಅರ್ಧ ಆದರೂ ಇರಬೇಕು. ಮನಶ್ಯಾರ ಲೆಕ್ಕ ಗೊಂಬಿಗೆ ಹೊಂದೂದಿಲ್ಲ. ಫೆಲ್ಟ್ ಉಳದಿದ್ರ ಹೊಸದು ಕತ್ತರಿಸೂದ ಚಲೋ.


ನವನಗರದ ಅತ್ತಿ, ಬಾಗಲಕೋಟಿ

ನಿನ್ನೆ ರಾತ್ರಿ ಇಡೀ ಗೊಂಬಿ ಬಿಚ್ಚಿದೆ. ಮನಸ್ಸಿಗೆ ಭಾಳ ಕೆಟ್ಟ ಅನಿಸ್ತು, ಸುಳ್ಳ್ಯಾಕ ಹೇಳಲಿ. ನಾಲ್ಕು ರಾತ್ರಿ ಕೂತು ಹಾಕಿದ ಹೊಲಿಗಿ. ಸಣ್ಣ ಕತ್ತರಿ ತುದಿಯಿಂದ ಒಂದೊಂದ ಟಾಕಾ ಎತ್ತಿ ಕತ್ತರಿಸಕೋತ ಹೋದೆ. ಬಿಚ್ಚಿದ ಮ್ಯಾಲ ಫೆಲ್ಟಿನ ಅಂಚಿನ ಗುಂಟ ಸೂಜಿ ತೂತು ಹಂಗ ಉಳದಿದ್ದುವು. ಉಗುರಿನಿಂದ ತಿಕ್ಕಿದೆ, ಎಳಿ ತಾವ ಕೂಡಿಕೊಂಡು ತೂತು ಮುಚ್ಚಿ ಹೋದುವು! ನೇದ ಬಟ್ಟಿ ಆಗಿದ್ರ ತೂತು ಕಾಣ್ತಿದ್ದುವು. ಅದನ್ನ ನೋಡಿ ಧೈರ್ಯ ಬಂತು. ಹೊಸ ಹಾಳಿಯಿಂದ ಕತ್ತರಿಸೀನಿ, ಕುತ್ತಿಗಿ ನಾಲ್ಕೂವರಿ ಸೆಂ.ಮೀ. ಇಟ್ಟೀನಿ. ಹಳೇ ತುಂಡಿನಿಂದ ಕುತ್ತಿಗಿ ಸುರುಳಿ ಮಾಡಿದೆ.

ಇನ್ನ ಸೀರಿ. ಸೆರಗು ಕತ್ತರಿ ತಾಗಿಸಿದ್ರ ಎಳಿ ಎಳಿ ಬಿಡಾಕತ್ತೈತಿ. ಹೆಂಗ ಮಾಡಲಿ?


ಮಗ್ಗದ ಮನಿ, ಗುಳೇದಗುಡ್ಡ

ಅಕ್ಕಾ, ಕತ್ತರಿ ಹಾಕೂದು ನಿಲ್ಲಸ್ರಿ. ಇಳಕಲ್ಲ ಸೀರಿಯೊಳಗ ಮೈ ಬ್ಯಾರೆ ನೂಲು, ಸೆರಗು ಬ್ಯಾರೆ ನೂಲು. ಮೈ ಹತ್ತಿದಿದ್ರ ಸೆರಗು ರೇಷ್ಮಿದು. ಎರಡರ ಹಾಸಿನ ಎಳಿ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿರ್ತಾರ. ಹಳೇದಾದಾಗ ರೇಷ್ಮಿ ಮೊದಲು ಸೀಳತೈತಿ, ಹತ್ತಿ ಮೈ ಇನ್ನೂ ಗಟ್ಟಿ ಇರ್ತೈತಿ. ಕೂಸು ಎಳದಾಡೂ ಗೊಂಬಿಗೆ ಸೆರಗಿನ ರೇಷ್ಮಿ ಒಂದನ್ನ ಹಾಕಿದ್ರ ತಿಂಗಳೊಪ್ಪತ್ತಿನ್ಯಾಗ ಚಿಂದಿ ಆಕ್ಕೈತಿ. ನೆರಿಗಿಗೆ ಮೈ ಭಾಗ ತಗೋರಿ, ದಡಿ ಕೆಳಗ ಬರೂಹಂಗ. ದಡಿ ಯಾವುದೈತಿ? ಚಿಕ್ಕಪರಾಸೋ, ಗೋಮಿಯೋ? ದಡಿ ಬದಿ ಕತ್ತರಿಸೂದ ಬ್ಯಾಡ, ಅಲ್ಲಿ ಎಳಿ ಬಿಡೂದಿಲ್ಲ. ಉಳದ ಮೂರು ಬದಿ ಅರ್ಧ ಬೆರಳು ಎರಡು ಸಲ ಮಡಚಿ ಹೊಲೀರಿ.

ಸೆರಗು ಬೇಕಾ ಬೇಕು ಅಂತ ನನಗೂ ಗೊತ್ತು. ಅದರ ಹಿಂದ ಮೆತ್ತನ ಮಲ್ ಬಟ್ಟಿ ಅಸ್ತರ ಇಡ್ರಿ, ಎರಡೂ ಕೂಡಿಸಿ ಸಣ್ಣ ಸಣ್ಣ ಟಾಕಾ ಓಡಿಸಿರಂದ್ರ ಬಲ ಬರ್ತೈತಿ. ಅಸ್ತರ ಹಚ್ಚಿದ ಮ್ಯಾಲ ಕತ್ತರಿಸ್ರಿ, ಮೊದಲ ಅಲ್ಲ. ಕುಬಸಕ್ಕ ಖಣ ಬೇಕಾದ್ರ ಹೇಳ್ರಿ, ನಮ್ಮಲ್ಲಿ ಮಗ್ಗದ ಕಡೀ ತುಂಡು ಉಳೀತಾವ. ಖಣನೂ ಎಳಿ ಬಿಡೂ ಬಟ್ಟಿನ, ಮಡಚಿ ಹೊಲೀಬೇಕು.


ಕೌದಿ ಅವ್ವ, ಮುಧೋಳ

ಅಸ್ತರ ಹಚ್ಚಿ ಟಾಕಾ ಓಡಿಸೂದು ಅಂದ್ರ ಅದ ನಮ್ಮ ಕೌದಿ ಕೆಲಸ ನೋಡವಾ. ಹಳೇ ಸೀರಿ ಒಂದರ ಮ್ಯಾಲ ಒಂದು ಇಟ್ಟು ಹೊಲದ್ರ ಹರಕ ಅರಿವಿಗೂ ಮತ್ತ ಹತ್ತು ವರ್ಷ ಬಾಳಿಕಿ ಬರ್ತೈತಿ. ಜೋಳದ ಕಾಳಿನಷ್ಟ ಉದ್ದ ಟಾಕಾ, ಜೋಳದ ಕಾಳಿನಷ್ಟ ಜಾಗ. ಸಾಲಿನಿಂದ ಸಾಲಿಗೆ ಒಂದು ಬೆರಳು. ಅವಸರ ಮಾಡಬ್ಯಾಡ. ನಿಮ್ಮವ್ವನ ಸೀರಿ ಅಂದಿ, ಅಕಿ ಇದ್ದಿದ್ರ ಇದನ್ನ ಅಕಿನ ಹೊಲೀತಿದ್ಲು. ಸೂಜಿ ಮುರದ್ರ ಎಷ್ಟು ಹೊತ್ತಾದರೂ ಹುಡುಕಿ ತಗದ ಏಳು. ಗೊಂಬಿ ಹೊಟ್ಟಿಯೊಳಗ ಸೂಜಿ ಚೂರು ಉಳೀಬಾರದು. ಕೆಲಸಕ್ಕ ಕುಂಡ್ರುವಾಗ ಸೂಜಿ ಎಣಿಸಿಡು, ಏಳುವಾಗ ಎಣಿಸು.


ಶಹಾಪುರ ಟೇಲರ್, ಬೆಳಗಾವಿ

ಅವ್ವಾರ ಮಾತು ಲಾಖಕ್ಕೊಂದು ಮಾತು. ಗುಂಡುಪಿನ್ನೂ ಹಂಗ, ಎಣಿಸಬೇಕು.

ಕೆಂಪ ಸೆರಗು ಅಂದ್ರ ಬಣ್ಣ ಬಿಡತೈತೇನು ನೋಡ್ರಿ. ಬಿಳಿ ಅರಿವಿ ಹಸಿ ಮಾಡಿ, ಸೆರಗಿನ ಮ್ಯಾಲೂ ಫೆಲ್ಟಿನ ಮ್ಯಾಲೂ ತಿಕ್ಕಿ ನೋಡ್ರಿ. ಅರಿವಿಗೆ ಬಣ್ಣ ಹತ್ತಿದ್ರ ಹೊಲಿಯೂದಕ್ಕಿಂತ ಮೊದಲ ತಣ್ಣೀರಿನ್ಯಾಗ ಬ್ಯಾರೆ ಬ್ಯಾರೆ ತೊಳೀರಿ. ಹೊಲಿದ ಮ್ಯಾಲ ಬಣ್ಣ ಇಳದ್ರ ಮಾರಿಗೆ ಹತ್ತತೈತಿ, ಅದಕ್ಕ ಔಷಧ ಇಲ್ಲ. ಮತ್ತ ಇಸ್ತ್ರಿ! ಅಂಗಡಿ ಫೆಲ್ಟ್ ಹೆಚ್ಚಿಗಿ ಪಾಲಿಯೆಸ್ಟರಿನದು, ಬಿಸಿ ಇಸ್ತ್ರಿ ನೇರ ತಾಗಿದ್ರ ಕರಗಿ ಅಂಟತೈತಿ. ಸೀರಿ ತುಂಡಿಗೆ ಇಸ್ತ್ರಿ ಮಾಡೂದಿದ್ರ ಗೊಂಬಿಗೆ ಹಚ್ಚೂದಕ್ಕಿಂತ ಮೊದಲ ಮಾಡಿ ಮುಗಸ್ರಿ.


ಚಿಕ್ಕೋಡಿ ಹುಡುಗ

ನಾನೂ ನಮ್ಮ ತಂಗಿಗೆ ಒಂದು ಆನಿ ಮಾಡಬೇಕಂತ ಇದನ್ನೆಲ್ಲಾ ಬರಕೊಳ್ಳಾಕತ್ತೀನಿ. ಪಾಲಿಯೆಸ್ಟರ್ ಬ್ಯಾಡ ಅಂದ್ರ ಉಣ್ಣಿ ಫೆಲ್ಟ್ ಸಿಗೂದಿಲ್ಲೇನ್ರಿ? ನಮ್ಮ ಕಡೆ ಇಷ್ಟ ಕುರಿ ಅದಾವಲ್ಲ.


ಕುರಿಗಾರರ ಮನಿ, ಗೋಕಾಕ ತಾಲೂಕ

ತಮ್ಮಾ, ಖರೇ ಫೆಲ್ಟ್ ಅಂದ್ರ ಉಣ್ಣಿದ. ಕುರಿ ಕೂದಲಿನ ಮ್ಯಾಲ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಪರಿ ಇರ್ತಾವ, ಮೀನಿನ ಮೈ ಮ್ಯಾಲ ಇದ್ದಂಗ. ಬಿಸಿ ನೀರು, ಸಾಬೂನು ಹಾಕಿ ತಿಕ್ಕಿದ್ರ ಆ ಪರಿ ತೆರದು, ಒಂದರಾಗ ಒಂದು ಸಿಕ್ಕೊಂಡು, ಮತ್ತ ಬಿಡಿಸಾಕ ಬರಲಾರದಂಗ ಗಟ್ಟಿ ಆಕ್ಕಾವ. ಉಣ್ಣಿ ಸ್ವೆಟರ್ ಬಿಸಿ ನೀರಿನ್ಯಾಗ ತೊಳದ್ರ ಕುಗ್ಗಿ ಹಲಗಿ ಆಕ್ಕೈತಲ್ಲ, ಅದ ಇದು. ಹತ್ತಿಗೂ ಪಾಲಿಯೆಸ್ಟರಿಗೂ ಆ ಪರಿ ಇಲ್ಲ, ಹಂಗಾಗಿ ಕಾರಖಾನಿಯೊಳಗ ಪಾಲಿಯೆಸ್ಟರ್ ಎಳಿಗೆ ಮುಳ್ಳಿನ ಸೂಜಿ ಚುಚ್ಚಿ ಚುಚ್ಚಿ ಹೆಣೀತಾರ.

ನಮ್ಮದು ಡೆಕ್ಕನಿ ಕುರಿ. ಉಣ್ಣಿ ಕರಿದು, ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು. ಕಂಬಳಿ ಹಾಸಿಗೆ ಹುಣಸಿ ಬೀಜದ ಗಂಜಿ ಹಚ್ಚಿ ನೇಯ್ತಾರ. ಆ ಉಣ್ಣಿ ಕೂಸಿನ ಗಲ್ಲಕ್ಕ ತಾಗಿದ್ರ ಚುಚ್ಚತೈತಿ, ಹಂಗಾಗಿ ಗೊಂಬಿ ಮೈಗೆ ನಾ ಹೇಳೂದಿಲ್ಲ. ಆದ್ರ ನವನಗರದ ಅಕ್ಕಾ, ಗೊಂಬಿ ಕೂದಲಿಗೆ? ಬಣ್ಣ ಹಾಕೂದ ಬ್ಯಾಡ, ಹುಟ್ಟಾ ಕರಿ ಉಣ್ಣಿ ನೂಲು. ಎರಡು ಜಡಿ ಹೆಣದ್ರ ಥೇಟ್ ನಮ್ಮ ಹುಡಿಗ್ಯಾರ ಜಡಿ ಆಕ್ಕೈತಿ. ತಣ್ಣೀರಿನ್ಯಾಗ ಸಾಬೂನು ಹಚ್ಚಿ ತೊಳದು, ಚಲೋತ್ನಾಗಿ ಒಣಗಿಸಿ ಹಚ್ಚರಿ.


ವಿಜಯಪುರದ ಅಕ್ಕೋರು

ಜಡೆ ಗಿಡ್ಡ ಇರಲಿ. ಉದ್ದ ದಾರ, ಉದ್ದ ರಿಬ್ಬನ್ ಕೂಸಿನ ಕುತ್ತಿಗೆಗೆ, ಬೆರಳಿಗೆ ಸುತ್ತಿಕೊಳ್ಳೋ ಭಯ ಇರ್ತದ. ಒಂದೊಂದು ಎಳೆಯನ್ನೂ ತಲೆಯ ನಡುಗೆರೆ ಮೇಲೆ ಹಿಂಬಾಲ ಹೊಲಿಗೆಯಿಂದ, ಅಂದ್ರೆ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹಿಂದೆ ಬಂದು, ಹೊಲೀರಿ. ಅಂಟು ಹಚ್ಚೋರು ಬಹಳ ಜನ ಇದ್ದಾರೆ. ಅದು ಒಣಗಿ ಗಡುಸಾದ ಮ್ಯಾಲ ಸೂಜಿ ಇಳಿಯೋದಿಲ್ಲ, ತೊಳೆದಾಗ ಬಿಡ್ತದ.


ನವನಗರದ ಅತ್ತಿ, ಬಾಗಲಕೋಟಿ

ಇವತ್ತ ಮಾರಿ ಹೊಲಿದೆ. ಇದನ್ನ ಎಲ್ಲಾರಿಗೂ ಬಿಡಿಸಿ ಹೇಳಬೇಕು ಅನಿಸೈತಿ.

ಮೊದಲು ತಲಿ ತುಂಬಿದ ಮ್ಯಾಲ ಮಾರಿ ಹೊಲಿಯೂಣು ಅಂತಿದ್ದೆ. ಟೇಲರ್ ಅಣ್ಣಾರು ಮೆಸೇಜ್ ಹಾಕಿ, ಎರಡು ತುಂಡು ಕೂಡಿಸೂದಕ್ಕಿಂತ ಮೊದಲ ಮುಂದಿನ ತುಂಡಿನ ಮ್ಯಾಲ ಹೊಲೀರಿ, ಗಂಟು ಒಳಗಿನ ಬದಿ ಮುಚ್ಚಿ ಹೋಗ್ತಾವ ಅಂದ್ರು. ಕಣ್ಣು ಎಲ್ಲಿ ಇಡಬೇಕು ಅನ್ನೂದ ದೊಡ್ಡ ಚಿಂತಿ ಆತು. ಕರಿ ಕಾಗದದ ಎರಡು ಚುಕ್ಕಿ ಕತ್ತರಿಸಿ ತಲಿ ಮ್ಯಾಲ ಇಟ್ಟು ಸರಿಸಿ ಸರಿಸಿ ನೋಡಿದೆ. ಮ್ಯಾಲ ಇಟ್ರ ದೊಡ್ಡವರ ಮಾರಿ, ಸಿಟ್ಟಾದಂಗ ಕಾಣ್ತೈತಿ. ತಲಿ ಎತ್ತರದ ಅರ್ಧಕ್ಕಿಂತ ತುಸು ಕೆಳಗ ಇಳಿಸಿ, ಒಂದಕ್ಕೊಂದು ತುಸು ದೂರ ಇಟ್ಟೆ ನೋಡ್ರಿ, ತಟ್ಟನ ಕೂಸಿನ ಮಾರಿ ಆತು. ಹಣಿ ಅಗಲ, ಗಲ್ಲ ಗುಂಡಗ. ಎರಡು ಎಳಿ ಕರಿ ದಾರದಿಂದ ಕಣ್ಣು ತುಂಬಿದೆ. ಅದರೊಳಗ ಬಿಳಿ ದಾರದ ಒಂದ ಟಾಕಾ, ಸಾಸಿವಿ ಕಾಳಿಗಿಂತ ಸಣ್ಣದು. ಆ ಒಂದು ಟಾಕಾ ಬೀಳೂತನಕ ಅದು ಫೆಲ್ಟ್ ಇತ್ತು. ಬಿದ್ದ ಮ್ಯಾಲ ಅದು ನನ್ನ ನೋಡಾಕತ್ತಿತು. ಸೂಜಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನ ಕುಂತೆ.

ಬಾಯಿ ಭಾಳ ದೊಡ್ಡದು ಮಾಡಲಿಲ್ಲ, ಮೂರ ಟಾಕಾ. ಹಣಿ ಮ್ಯಾಲ ಕೆಂಪ ದಾರದ ಕುಂಕುಮ. ನಮ್ಮವ್ವ ದೊಡ್ಡ ಕುಂಕುಮ ಹಚ್ಚತಿದ್ಲು, ನಾನೂ ದೊಡ್ಡದ ಮಾಡೀನಿ.


ಮಗ್ಗದ ಮನಿ, ಗುಳೇದಗುಡ್ಡ

ಅಕ್ಕಾ, ಸೀರಿ ದಡಿಗೆ ಕಸೂತಿ ಮಾಡ್ತೀರೇನು? ಎರಡು ಸಾಲು ಗವಂತಿ ಹಾಕಿದ್ರ ಎಷ್ಟ ಚಂದ. ಗವಂತಿಯೊಳಗ ಒಂದು ಸಲ ಟಾಕಾ ಬಿಟ್ಟು ಬಿಟ್ಟು ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬೂದು. ಹಿಂದಿನ ಬದಿ ಗಂಟು ಇರೂದಿಲ್ಲ, ಎರಡೂ ಮಗ್ಗಲು ಒಂದ ಥರ ಕಾಣತಾವ. ಕೂಸು ಸೆರಗು ತಿರುವಿ ನೋಡಿದ್ರೂ ಚಂದ. ಫೆಲ್ಟ್ ಮ್ಯಾಲ ಮಾತ್ರ ಕಸೂತಿ ಕಷ್ಟ, ಎಣಿಸಾಕ ಎಳಿ ಇಲ್ಲಲ್ಲ. ಸೀರಿ ಮೈ ಮ್ಯಾಲ ಬರ್ತೈತಿ.


ನಿಪ್ಪಾಣಿ ತಾಯಿ

ಇಷ್ಟು ದಿನ ಓದಕೋತ ಬಂದೆ. ನಾನು ಫೆಲ್ಟ್ ಗೊಂಬೆ ಮಾಡಿ ಮಾರಬೇಕಂತ ಮಾಡೀನಿ, ನಾಲ್ಕು ಜನ ಕೇಳ್ಯಾರ. ಏನಾದ್ರೂ ಪರವಾನಗಿ ಬೇಕೇನ್ರಿ?


ವಿಜಯಪುರದ ಅಕ್ಕೋರು

ಬೇಕು, ಅಕ್ಕಾ. ಮನೆಯ ಕೂಸಿಗೆ ಕೊಡೋಕೆ ಏನೂ ಬೇಡ. ಮಾರೋದಕ್ಕೆ ಬೇರೆ. ಕೇಂದ್ರ ಸರಕಾರದ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಬೇಕು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಕೊಟ್ಟಾರ. ನೀವು ಕುಶಲಕರ್ಮಿ ಗುರುತಿನ ಚೀಟಿಗೆ ಅರ್ಜಿ ಹಾಕೋದರಿಂದ ಶುರು ಮಾಡ್ರಿ. ಕಾಗದ ಸಿಕ್ಕರೂ ಮಣಿ ಮಾತ್ರ ಹಚ್ಚಬ್ಯಾಡ್ರಿ.


ನವನಗರದ ಅತ್ತಿ, ಬಾಗಲಕೋಟಿ

ಹುಟ್ಟಿದ ದಿನ ನಿನ್ನೆ ಆತ್ರಿ. ಎಲ್ಲಾರೂ ಕೇಳಾಕತ್ತಿದ್ರಿ, ಅದಕ್ಕ ಬರೀತೀನಿ.

ಗುಳೇದಗುಡ್ಡದ ತಂಗಿ ಕಳಿಸಿದ ಖಣದ ಕುಬಸ, ಅವ್ವನ ಸೀರಿಯ ನೆರಿಗಿ, ಅಸ್ತರ ಹಚ್ಚಿದ ಸೆರಗು. ಸೀರಿ ಬಿಚ್ಚಾಕ ಬರಲಾರದಂಗ ಟೊಂಕದ ಸುತ್ತ ಹೊಲಿದೀನಿ. ಗೋಕಾಕದ ಅಣ್ಣಾರು ಕೊಟ್ಟ ಉಣ್ಣಿಯ ಎರಡು ಗಿಡ್ಡ ಜಡಿ. ಕೊಡೂ ಮೊದಲು ಒಂದು ಸಲ ತೊಳದು ನೋಡೀನಿ, ತಣ್ಣೀರು, ಹಿಂಡಲಾರದ ಟವೆಲ್ಲಿನ್ಯಾಗ ಸುತ್ತಿ ಒತ್ತಿದೆ, ನೆರಳಿಗೆ ಒಣ ಹಾಕಿದೆ. ಬಣ್ಣ ಇಳೀಲಿಲ್ಲ, ಕುತ್ತಿಗಿ ನಿಂತೈತಿ.

ಕೂಸು ಮೊದಲು ಜಡಿ ಹಿಡದು ಜಗ್ಗಿತು. ನಾ ಉಸಿರು ಹಿಡಕೊಂಡು ನೋಡಾಕತ್ತಿದ್ದೆ. ಬರಲಿಲ್ಲ. ಆಮ್ಯಾಲ ಸೆರಗು ಬಾಯಾಗ ಹಾಕ್ಕೊಂಡಿತು. ಸಂಜಿಕ ನೋಡಿದ್ರ ಗೊಂಬಿನ್ನ ಬೋರಲು ಮಲಗಿಸಿ ಬೆನ್ನು ಬಡಿಯಾಕತ್ತಿತ್ತು. ನಮ್ಮಣ್ಣ ಸೀರಿ ಗುರ್ತು ಹಿಡದ. ಏನೂ ಮಾತಾಡಲಿಲ್ಲ, ಗೊಂಬಿ ಸೆರಗು ಬೆರಳಿನಿಂದ ಸವರಿ ಎದ್ದು ಹೊರಗ ಹೋದ.


ಕೌದಿ ಅವ್ವ, ಮುಧೋಳ

ಮಗಳ, ಸೀರಿ ಇನ್ನ ಎಷ್ಟ ಉಳದೈತಿ? ಕೂಸಿಗೆ ಒಂದು ಕೌದಿನೂ ಆಕ್ಕೈತೇನು ನೋಡು. ನಾ ಹೇಳಕೊಡ್ತೀನಿ.


ನವನಗರದ ಅತ್ತಿ, ಬಾಗಲಕೋಟಿ

ನಾಲ್ಕು ಮೊಳ ಐತ್ರಿ ಅವ್ವಾ. ನಾಳೆ ಅಳದು ಹೇಳ್ತೀನಿ.


ಚಿಕ್ಕೋಡಿ ಹುಡುಗ

ಅಕ್ಕಾರ, ರಟ್ಟಿನ ಮಾಪ ಹಾಕ್ರಿ, ಆನಿಗೂ ಕುತ್ತಿಗಿ ಅಗಲ ಇಡಬೇಕೇನು?


ಶಹಾಪುರ ಟೇಲರ್, ಬೆಳಗಾವಿ

ಆನಿಗೆ ಕುತ್ತಿಗಿ ಚಿಂತಿ ಇಲ್ಲಪ್ಪಾ, ಸೊಂಡಿ ಚಿಂತಿ. ಸೊಂಡಿ ತುದಿಯಿಂದ ತುಂಬಕೋತ ಬಾ, ಕಾಲು ನಾಲ್ಕೂ ಒಂದ ದಿಕ್ಕಿಗೆ ಕತ್ತರಿಸು.